ಮೀನು ಬಿಳಿಚಿಕೊಂಡಿದೆಯೇ? ಔಷಧಿಗಿಂತ ಮೊದಲು ನೀರು ನೋಡಿ

"ನಮ್ಮ ಮೀನಿನ ಬಣ್ಣ ಮಾಸಿದೆ, ಮೂಲೆಯಲ್ಲಿ ಸುಮ್ನೆ ನಿಂತಿರುತ್ತೆ. ಯಾವ ಔಷಧಿ ಹಾಕಲಿ?" ಓದುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಮೀನು ಮಾತ್ರ ಬೇರೆ ಬೇರೆ. ಒಬ್ಬರದು ಫೈಟರ್, ಇನ್ನೊಬ್ಬರದು ಗೋಲ್ಡ್ ಫಿಶ್, ಮತ್ತೊಬ್ಬರದು ಏಂಜೆಲ್. ಕೊನೆಗೆ ಎಲ್ಲರೂ ಕೇಳುವುದು ಔಷಧಿಯನ್ನೇ.

ನನ್ನ ಉತ್ತರವೂ ಒಂದೇ. ಇವತ್ತು ಔಷಧಿ ಬೇಡ, ಮೊದಲು ನೀರು ನೋಡಿ. ಬಿಳಿಚಿಕೊಂಡ ಮೀನಿಗೆ ಎಷ್ಟೋ ಸಲ ರೋಗವೇ ಇರುವುದಿಲ್ಲ. ಅದು ಇರುವ ನೀರು ಕೆಟ್ಟಿರುತ್ತದೆ, ಇಲ್ಲವೇ ಯಾವುದಕ್ಕೋ ಹೆದರಿರುತ್ತದೆ. ಮೊದಲೇ ಉಸಿರಿಗೆ ಕಷ್ಟಪಡುತ್ತಿರುವ ಮೀನಿನ ನೀರಿಗೆ ಔಷಧಿಯನ್ನೂ ಸುರಿದರೆ ಅದರ ಕಷ್ಟ ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಔಷಧಿ ಕೊನೆಯಲ್ಲಿ ಬರುತ್ತದೆ. ಬಹಳ ಸಲ ಅಲ್ಲಿಯವರೆಗೆ ಹೋಗಬೇಕಾಗಿಯೇ ಬರುವುದಿಲ್ಲ.

ಬಣ್ಣ ಯಾಕೆ ಮಾಸುತ್ತದೆ?

ಮೀನಿನ ಚರ್ಮದಲ್ಲಿ ಬಣ್ಣದ ಕಣ ತುಂಬಿದ ಜೀವಕೋಶಗಳಿವೆ. ಇವುಗಳಿಗೆ ಕ್ರೊಮ್ಯಾಟೊಫೋರ್ ಎನ್ನುತ್ತಾರೆ. ಕಣಗಳು ಕೋಶದ ತುಂಬ ಹರಡಿಕೊಂಡಾಗ ಬಣ್ಣ ಗಾಢವಾಗಿ ಕಾಣುತ್ತದೆ. ನಡುವೆ ಒಂದೆಡೆ ಮುದ್ದೆಯಾಗಿ ಸೇರಿಕೊಂಡಾಗ ಮೀನು ಬಿಳಿಚಿಕೊಳ್ಳುತ್ತದೆ. ಇದನ್ನು ನಡೆಸುವುದು ನರಗಳು ಮತ್ತು ಹಾರ್ಮೋನುಗಳು. ಆದ್ದರಿಂದ ಹೆದರಿದ ಮೀನು ಕೆಲವೇ ನಿಮಿಷಗಳಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಹೆದರಿಕೆ ಹೋದ ಮೇಲೆ ಬಣ್ಣ ತಾನಾಗಿ ಬರುತ್ತದೆ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಬಣ್ಣ ಮಾಸಿದ್ದು ಯಾವಾಗಿನಿಂದ? ನಿನ್ನೆ ಚೆನ್ನಾಗಿದ್ದ ಮೀನು ಇವತ್ತು ಬಿಳಿಚಿದ್ದರೆ ನೀರು, ಉಷ್ಣತೆ ಅಥವಾ ಭಯ ಕಾರಣವಿರಬಹುದು. ತಿಂಗಳುಗಟ್ಟಲೆ ನಿಧಾನವಾಗಿ ಮಾಸಿದ್ದರೆ ಆಹಾರ, ವಯಸ್ಸು ಅಥವಾ ತುಂಬ ದಿನದಿಂದ ಬದಲಾಯಿಸದ ನೀರಿನ ಕಡೆ ನೋಡಿ.

ಕೆಲವು ಸಲ ಚಿಂತೆಯೇ ಬೇಡ. ನಿಯಾನ್ ಟೆಟ್ರಾ ರಾತ್ರಿ ಬಣ್ಣ ಇಳಿಸಿಕೊಂಡೇ ನಿದ್ದೆ ಮಾಡುತ್ತದೆ. ಬೆಳಗ್ಗೆ ದೀಪ ಹಾಕಿದ ಕೂಡಲೇ ನೋಡಿದರೆ ಕಾಯಿಲೆ ಬಿದ್ದಂತೆ ಕಾಣುತ್ತದೆ, ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ಹೊಸದಾಗಿ ತಂದ ಮೀನು ಒಂದೆರಡು ದಿನ ಸಪ್ಪೆಯಾಗಿರುವುದು ಸಹಜ. ಬಿಳಿ ಮರಳು, ಬಿಳಿ ಹಿನ್ನೆಲೆ ಇರುವ ಟ್ಯಾಂಕಿನಲ್ಲಿ ಅನೇಕ ಮೀನುಗಳು ಸುತ್ತಲಿನ ಬಣ್ಣಕ್ಕೆ ಹೊಂದಿಕೊಂಡು ತಿಳಿಯಾಗುತ್ತವೆ. ಗೋಲ್ಡ್ ಫಿಶ್ ಬೆಳೆಯುತ್ತಾ ಕಪ್ಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಬಿಳಿಗೆ ತಿರುಗಬಹುದು. ಅದು ಅದರ ವಂಶದ ಗುಣ. ಮೀನು ಚುರುಕಾಗಿ ಈಜುತ್ತಾ ಹೊಟ್ಟೆ ತುಂಬ ತಿನ್ನುತ್ತಿದ್ದರೆ ಬಣ್ಣವೊಂದನ್ನೇ ನೋಡಿ ಗಾಬರಿಯಾಗಬೇಡಿ.

ಏನೇನು ಬೇಕು?

ಒಂದು ಥರ್ಮಾಮೀಟರ್ ಬೇಕು. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ಅಳೆಯುವ ಟೆಸ್ಟ್ ಕಿಟ್ ಬೇಕು. ಕಾಗದದ ಪಟ್ಟಿಗಿಂತ ಹನಿ ಹಾಕುವ ದ್ರವದ ಕಿಟ್ ಹೆಚ್ಚು ನಂಬಿಕೆಗೆ ಅರ್ಹ. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ವಾಟರ್ ಕಂಡಿಷನರ್, ನೀರು ಎಳೆಯಲು ಪೈಪ್, ಏರ್ ಪಂಪ್, ಏರ್ ಸ್ಟೋನ್ ಇರಲಿ. ಮೀನಿನ ಕೆಲಸಕ್ಕೆ ಮಾತ್ರ ಎಂದು ಒಂದು ಬಕೆಟ್ ಮೀಸಲಿಡಿ. ಸೋಪು ತಾಗಿದ ಬಕೆಟ್ ಬೇಡವೇ ಬೇಡ. 20 ಲೀಟರಿನ ಚಿಕ್ಕ ಟ್ಯಾಂಕೋ ಶುದ್ಧವಾದ ಪ್ಲಾಸ್ಟಿಕ್ ಡಬ್ಬವೋ ಇದ್ದರೆ ಆಸ್ಪತ್ರೆ ಟ್ಯಾಂಕ್ ಆಗಿ ಬಳಸಬಹುದು. ಏನೂ ಬೆರೆಸದ ಉಪ್ಪು ಸ್ವಲ್ಪ, ಅದನ್ನು ತೂಗಲು ಒಂದು ತಕ್ಕಡಿ.

ನಿಮ್ಮ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದೂ ಗೊತ್ತಿರಬೇಕು. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. 60 ಉದ್ದ, 30 ಅಗಲ, 30 ಎತ್ತರಕ್ಕೆ 54 ಲೀಟರ್. ಕಲ್ಲು, ಮರಳು ತೆಗೆದುಕೊಂಡ ಜಾಗವನ್ನು ಇದರಲ್ಲಿ ಕಳೆಯಿರಿ. ಅಂದಾಜಿನಲ್ಲಿ ಔಷಧಿ ಹಾಕಿ ಮೀನು ಕಳೆದುಕೊಂಡವರು ತುಂಬ ಜನ.

ಹಂತ 1: ಕೈ ಹಾಕದೆ ಹದಿನೈದು ನಿಮಿಷ ನೋಡಿ

ಟ್ಯಾಂಕಿನಿಂದ ಸ್ವಲ್ಪ ದೂರ ಕುಳಿತುಕೊಳ್ಳಿ. ಗಾಜಿಗೆ ಮುಖ ತಾಗಿಸಿ ನೋಡಿದರೆ ಮೀನು ನಿಮಗೇ ಹೆದರುತ್ತದೆ.

ಮೊದಲು ಉಸಿರಾಟ ಗಮನಿಸಿ. ತಲೆಯ ಎರಡೂ ಪಕ್ಕದಲ್ಲಿ ತೆರೆದು ಮುಚ್ಚುವ ಮುಚ್ಚಳದ ಕೆಳಗೆ ಕಿವಿರು ಇರುತ್ತದೆ. ಮೀನು ಉಸಿರಾಡುವುದು ಅದರಿಂದಲೇ. ಆ ಮುಚ್ಚಳ ಉಳಿದ ಮೀನುಗಳಿಗಿಂತ ಜೋರಾಗಿ ಬಡಿಯುತ್ತಿದೆಯೇ? ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದೆಯೇ? ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದೆಯೇ? ಕಲ್ಲಿಗೆ, ಗಿಡಕ್ಕೆ ಮೈ ಉಜ್ಜುತ್ತಿದೆಯೇ? ಹೆಣ್ಣು ಫೈಟರ್ ಮೀನಿನ ಮೈಮೇಲೆ ಉದ್ದುದ್ದ ಗೆರೆ ಮೂಡಿದೆಯೇ? ಆ ಗೆರೆ ಒತ್ತಡದ ಗುರುತು. ಫೈಟರ್ ಬಗ್ಗೆ ಒಂದು ಮಾತು: ಅದು ಆಗಾಗ ಮೇಲೆ ಬಂದು ಗಾಳಿ ನುಂಗುವುದು ಮಾಮೂಲು, ಗೌರಾಮಿಯೂ ಹಾಗೆಯೇ. ಅವು ಮೇಲಿಂದ ಕದಲದೇ ಇದ್ದರೆ ಮಾತ್ರ ಚಿಂತೆ.

ಇನ್ನೊಂದು ಲೆಕ್ಕ ತುಂಬ ಮುಖ್ಯ. ಒಂದೇ ಮೀನು ಸಪ್ಪೆಯಾಗಿದೆಯೋ, ಎಲ್ಲವೂ ಸಪ್ಪೆಯಾಗಿವೆಯೋ? ಎಲ್ಲವೂ ಆಗಿದ್ದರೆ ಬಹುತೇಕ ನೀರಿನದೇ ತೊಂದರೆ. ಒಂದೇ ಆಗಿದ್ದರೆ ಜಗಳ, ಗಾಯ ಅಥವಾ ರೋಗದ ಶಂಕೆ ಬರಬೇಕು. ಆದರೂ ನೀರಿನ ಪರೀಕ್ಷೆ ಬಿಡಬೇಡಿ.

ಹಂತ 2: ಬೆಳಕು ಇಳಿಸಿ, ಗಾಳಿ ಏರಿಸಿ, ಊಟ ನಿಲ್ಲಿಸಿ

ಟ್ಯಾಂಕಿನ ದೀಪ ಆರಿಸಿ. ಏರ್ ಸ್ಟೋನ್ ಹಾಕಿ. ನೀರಿನ ಮೇಲ್ಮೈ ಅಲುಗಾಡುವಂತೆ ಫಿಲ್ಟರಿನ ಬಾಯಿ ತಿರುಗಿಸಿ. ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. ಗುಳ್ಳೆಗಳ ಕೆಲಸ ಆ ಮೇಲ್ಮೈಯನ್ನು ಕದಡುವುದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು ಸುಮಾರು ಏಳೂವರೆ ಮಾತ್ರ. ಬಿಸಿಲ ದಿನಗಳಲ್ಲಿ ಮೀನು ಏದುಸಿರು ಬಿಡಲು ಇದೂ ಒಂದು ಕಾರಣ.

ಒಂದು ದಿನ ಆಹಾರ ಹಾಕಬೇಡಿ. ಪಾಪ, ಹಸಿವಾಗಿರುತ್ತದೆ ಎಂದು ಮನಸ್ಸು ಚುರುಕ್ ಅನ್ನುತ್ತದೆ, ಗೊತ್ತು. ಆದರೆ ಬೆಳೆದ ಮೀನಿಗೆ ಒಂದೆರಡು ದಿನದ ಉಪವಾಸದಿಂದ ಏನೂ ಆಗುವುದಿಲ್ಲ. ತಿನ್ನದೆ ಉಳಿದ ಕಾಳು ಕೊಳೆತು ನೀರು ಕೆಡಿಸಿದರೆ ಮಾತ್ರ ಖಂಡಿತ ಆಗುತ್ತದೆ.

ಇದೇ ಹೊತ್ತಿಗೆ ಉಷ್ಣತೆ ಓದಿ. ಸಾಮಾನ್ಯ ಉಷ್ಣವಲಯದ ಮೀನುಗಳಿಗೆ 24ರಿಂದ 27 ಡಿಗ್ರಿ, ಫೈಟರಿಗೆ 25ರಿಂದ 28, ಡಿಸ್ಕಸ್ ಮೀನಿಗೆ 28ರಿಂದ 30. ಗೋಲ್ಡ್ ಫಿಶ್ ತಣ್ಣೀರಿನ ಮೀನು, 18ರಿಂದ 22 ಡಿಗ್ರಿಯಲ್ಲಿ ಆರಾಮವಾಗಿರುತ್ತದೆ. ಉಷ್ಣತೆ ತಪ್ಪಿದ್ದರೆ ಗಂಟೆಗೆ ಒಂದು ಡಿಗ್ರಿಗಿಂತ ಬೇಗ ಬದಲಾಯಿಸಬೇಡಿ. ಬಿಸಿಯಾದ ಟ್ಯಾಂಕಿಗೆ ಐಸ್ ತುಂಡು ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಮುಚ್ಚಳ ತೆಗೆದು ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಮಾಡಿ. ಮೀನು ಹಾರದಂತೆ ಮೇಲೆ ಬಲೆ ಇರಲಿ.

ಹಂತ 3: ನೀರು ಪರೀಕ್ಷೆ ಮಾಡಿ

"ನೀರು ಗಾಜಿನಂತೆ ತಿಳಿಯಾಗಿದೆ" ಎಂದು ಹೇಳುವವರೇ ಜಾಸ್ತಿ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ತಿಳಿ ನೀರೂ ವಿಷವಾಗಿರಬಹುದು.

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಬಿಡುತ್ತದೆ. ಕೊಳೆತ ಆಹಾರ, ಹಿಕ್ಕೆ, ಬಾಡಿದ ಎಲೆಯಿಂದಲೂ ಅದು ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ. ಮೂರನೆಯದು ಸ್ವಲ್ಪ ಇದ್ದರೆ ತೊಂದರೆಯಿಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಹಿಡಿಯುತ್ತದೆ. ಟ್ಯಾಂಕ್ ತಂದ ಎರಡನೇ ವಾರದಲ್ಲೇ ಮೀನು ಸಪ್ಪೆಯಾಯಿತು ಎನ್ನುವವರ ಕಷ್ಟದ ಮೂಲ ಹೆಚ್ಚಾಗಿ ಇದೇ.

ಅಮೋನಿಯಾ 0, ನೈಟ್ರೈಟ್ 0 ಇರಬೇಕು. ನೈಟ್ರೇಟ್ 20 ಪಿಪಿಎಂ ಒಳಗಿದ್ದರೆ ಚೆನ್ನ, 40 ದಾಟಬಾರದು. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ನೀರಿನ ಲೆಕ್ಕದಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ. ಪಿಎಚ್ ಎಂದರೆ ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂಬ ಅಳತೆ, 7 ನಡುವಿನದು. ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅಮೋನಿಯಾದ ವಿಷ ಜೋರಾಗುತ್ತದೆ. ಅದೇ ಪಿಎಚ್ 7ಕ್ಕಿಂತ ಕೆಳಗಿದ್ದರೆ ಅಮೋನಿಯಾದ ಬಹುಪಾಲು ಅಮೋನಿಯಂ ಎಂಬ ಕಡಿಮೆ ಅಪಾಯದ ರೂಪದಲ್ಲಿರುತ್ತದೆ. ಈ ಮಾತು ನೆನಪಿರಲಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

ನೈಟ್ರೈಟ್ ಮೀನಿನ ರಕ್ತವನ್ನೇ ಹಾಳು ಮಾಡುತ್ತದೆ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ನೀರಿನಲ್ಲಿ ಗಾಳಿ ಎಷ್ಟೇ ಇದ್ದರೂ ಮೀನು ಉಸಿರುಗಟ್ಟಿದಂತೆ ಒದ್ದಾಡುತ್ತದೆ.

ನಲ್ಲಿ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ. ನೀವು ಸುರಿಯುವ ನೀರಿನಲ್ಲೇ ತೊಂದರೆ ಇದ್ದರೆ ಎಷ್ಟು ಬದಲಾಯಿಸಿದರೂ ಅಷ್ಟೇ.

ಹಂತ 4: ನೀರು ಬದಲಾಯಿಸಿ, ಆದರೆ ಎಲ್ಲವನ್ನೂ ಅಲ್ಲ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ಮೀನು ಸಪ್ಪೆಯಾದ ಕೂಡಲೇ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲು ತೊಳೆದು, ಫಿಲ್ಟರ್ ತೊಳೆದು, ಹೊಸ ನೀರು ತುಂಬಿ, ಮೀನನ್ನು ಮತ್ತೆ ಬಿಡುತ್ತಾರೆ. ಅಕ್ಕರೆಯಿಂದಲೇ ಮಾಡುತ್ತಾರೆ. ಆದರೆ ಮೀನಿನ ಪಾಲಿಗೆ ಅದು ಒಂದೇ ಏಟಿಗೆ ಮನೆಯೂ ಹೋಗಿ ಊರೂ ಹೋದಂತೆ. ಉಷ್ಣತೆ, ಪಿಎಚ್ ಎಲ್ಲವೂ ತಟ್ಟನೆ ಬದಲಾಗುತ್ತವೆ, ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಮೂರ್ನಾಲ್ಕು ದಿನದಲ್ಲಿ ಅಮೋನಿಯಾ ಏರುತ್ತದೆ.

ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ತೆಗೆದರೆ ಸಾಕು. ಅಮೋನಿಯಾ ಅಥವಾ ನೈಟ್ರೈಟ್ ಅರ್ಧ ಪಿಪಿಎಂ ಮುಟ್ಟಿದ್ದರೆ ಅರ್ಧ ನೀರು ತೆಗೆಯಿರಿ. ಅರ್ಧ ಬದಲಾಯಿಸಿದರೆ ವಿಷವೂ ಅರ್ಧವಾಗುತ್ತದೆ. ಮರುದಿನ ಮತ್ತೆ ಪರೀಕ್ಷೆ ಮಾಡಿ, ಬೇಕಾದರೆ ಮತ್ತೆ ಬದಲಾಯಿಸಿ. ಪೈಪಿನಿಂದ ತಳದ ಕಸ ಎಳೆಯುತ್ತಾ ನೀರು ತೆಗೆಯಿರಿ. ಹೊಸ ನೀರಿನ ಉಷ್ಣತೆ ಹಳೆಯದಕ್ಕಿಂತ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಗದಂತೆ ನೋಡಿಕೊಳ್ಳಿ. ನಿಧಾನವಾಗಿ ಸುರಿಯಿರಿ.

ತಿಂಗಳುಗಟ್ಟಲೆ ನೀರನ್ನೇ ಬದಲಾಯಿಸದ ಟ್ಯಾಂಕ್ ಆಗಿದ್ದರೆ ಇನ್ನೂ ಹುಷಾರು. ಅಂಥ ಟ್ಯಾಂಕಿನಲ್ಲಿ ಪಿಎಚ್ ಕೆಳಗಿಳಿದಿರುತ್ತದೆ, ಅಮೋನಿಯಾ ಅಮೋನಿಯಂ ರೂಪದಲ್ಲಿ ಅಡಗಿರುತ್ತದೆ. ಒಮ್ಮೆಲೇ ಜಾಸ್ತಿ ಹೊಸ ನೀರು ಸುರಿದರೆ ಪಿಎಚ್ ಏರಿ ಅದೆಲ್ಲ ವಿಷವಾಗಿ ತಿರುಗುತ್ತದೆ. "ನೀರು ಬದಲಾಯಿಸಿದ ಸಂಜೆಯೇ ಮೀನು ಸತ್ತಿತು" ಎನ್ನುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಇಲ್ಲಿ ದಿನಕ್ಕೆ ಹತ್ತರಲ್ಲಿ ಒಂದು ಪಾಲಿನಂತೆ ಬದಲಾಯಿಸುತ್ತಾ ಹೋಗಿ. ಆರಿದ ನೀರಿನ ಜಾಗಕ್ಕೆ ಹೊಸ ನೀರು ತುಂಬುತ್ತಾ ಬಂದಿದ್ದರೆ ಅದನ್ನು ಬದಲಾಯಿಸಿದ ಲೆಕ್ಕಕ್ಕೆ ಸೇರಿಸಬೇಡಿ. ಆವಿಯಾಗುವುದು ನೀರು ಮಾತ್ರ, ಕೊಳೆ ಅಲ್ಲೇ ಉಳಿಯುತ್ತದೆ.

ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂಬುದು ನಿಜ. ಆದರೆ ಕೆಲವು ಕಡೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು, ಸುಮ್ನೆ ಇಟ್ಟರೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಕಂಡಿಷನರ್ ಬಳಸುವುದೇ ಒಳ್ಳೆಯದು. ಕ್ಲೋರಮೈನ್ ಮತ್ತು ಅಮೋನಿಯಾ ಎರಡನ್ನೂ ನಿಭಾಯಿಸುತ್ತದೆ ಎಂದು ಬಾಟಲಿಯ ಮೇಲೆ ಬರೆದಿರುವುದನ್ನು ಆರಿಸಿಕೊಳ್ಳಿ.

ಫಿಲ್ಟರ್ ಸ್ಪಂಜನ್ನು ಇವತ್ತು ಮುಟ್ಟಬೇಡಿ. ನೀರೇ ಹರಿಯದಷ್ಟು ಕಟ್ಟಿಕೊಂಡಿದ್ದರೆ ಮಾತ್ರ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ ಹಾಕಿ. ಶುರುವಿನ ದಿನಗಳಲ್ಲಿ ನಾನು ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಿದ್ದೆ. ನಾಲ್ಕನೇ ದಿನ ಆರು ಟೆಟ್ರಾಗಳೂ ಬಿಳಿಚಿಕೊಂಡು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎರಡನ್ನು ಉಳಿಸಿಕೊಳ್ಳಲು ಆಗಲಿಲ್ಲ.

ನೀರಿನ ಅಂಕಿಗಳೆಲ್ಲ ಸರಿ ಇದ್ದೂ ಎಲ್ಲ ಮೀನುಗಳೂ ಒಟ್ಟಿಗೆ ಸಪ್ಪೆಯಾಗಿದ್ದರೆ ಕೋಣೆಯಲ್ಲಿ ಏನಾದರೂ ಸಿಂಪಡಿಸಿದ್ದೀರಾ ಎಂದು ನೆನಪಿಸಿಕೊಳ್ಳಿ. ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇ, ಬಣ್ಣದ ವಾಸನೆ, ಅಗರಬತ್ತಿಯ ದಟ್ಟ ಹೊಗೆ, ಎಲ್ಲವನ್ನೂ ಏರ್ ಪಂಪ್ ಎಳೆದು ನೇರ ನೀರಿಗೆ ತುಂಬುತ್ತದೆ. ಕೈಗೆ ಹಚ್ಚಿದ ಕ್ರೀಮ್, ಸ್ಯಾನಿಟೈಸರ್ ಕೂಡ ಹಾಗೆಯೇ. ಆಗಲೂ ಮಾಡಬೇಕಾದ್ದು ನೀರು ಬದಲಾಯಿಸುವುದೇ. ಫಿಲ್ಟರಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿದರೆ ಇನ್ನೂ ಒಳ್ಳೆಯದು. ಅದು ಇಂಥ ರಾಸಾಯನಿಕಗಳನ್ನು ಹೀರಿಕೊಳ್ಳುವ ಇದ್ದಿಲು.

ಹಂತ 5: ಟ್ಯಾಂಕಿನೊಳಗಿನ ಜಗಳ ನೋಡಿ

ನೀರು ಸರಿಯಿದೆ, ಒಂದೇ ಮೀನು ಬಿಳಿಚಿದೆ. ಹಾಗಾದರೆ ಅದನ್ನು ಯಾರು ಅಟ್ಟುತ್ತಿದ್ದಾರೆ ನೋಡಿ. ಆಹಾರ ಹಾಕುವಾಗಲೂ ದೀಪ ಆರಿದ ಮೇಲೂ ಗಮನಿಸಿ, ಹಗಲು ಸುಮ್ಮನಿರುವ ಮೀನು ಕತ್ತಲಲ್ಲಿ ಕಚ್ಚಬಹುದು. ಟೆಟ್ರಾ, ರಾಸ್ಬೊರಾದಂಥ ಗುಂಪಿನ ಮೀನುಗಳನ್ನು ಕನಿಷ್ಠ ಆರು ಇಡಬೇಕು. ಎರಡೇ ಇದ್ದರೆ ಅವು ಸದಾ ಹೆದರಿಕೆಯಲ್ಲೇ ಬದುಕುತ್ತವೆ. ಟೈಗರ್ ಬಾರ್ಬ್ ಕಡಿಮೆ ಇದ್ದಷ್ಟೂ ಬೇರೆ ಮೀನುಗಳ ರೆಕ್ಕೆ ಕಚ್ಚುವುದು ಜಾಸ್ತಿ. ಎರಡು ಗಂಡು ಫೈಟರ್ ಒಂದೇ ಟ್ಯಾಂಕಿನಲ್ಲಿ ಇರಲೇಬಾರದು.

ಅಡಗಲು ಜಾಗ ಮಾಡಿಕೊಡಿ: ಗಿಡ, ಮರದ ಬೇರು, ಮಣ್ಣಿನ ಕುಡಿಕೆಯ ಓಡು. ಟ್ಯಾಂಕಿನ ಹಿಂಬದಿಗೆ ಕಪ್ಪು ಕಾಗದ ಅಂಟಿಸಿದರೆ ಎಷ್ಟೋ ಮೀನುಗಳ ಬಣ್ಣ ಕೆಲವೇ ದಿನಗಳಲ್ಲಿ ಏರುತ್ತದೆ. ದೀಪ ದಿನಕ್ಕೆ ಎಂಟು ಗಂಟೆ ಸಾಕು.

ಹಂತ 6: ರೋಗದ ಗುರುತು ಹುಡುಕಿ

ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಇದ್ದರೆ ಅದು ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಓರೆಯಾಗಿ ಬಿಟ್ಟಾಗ ಚಿನ್ನದ ಪುಡಿ ಮೆತ್ತಿದಂತೆ ಹೊಳೆದರೆ ವೆಲ್ವೆಟ್ ರೋಗ. ಬಾಯಿಯ ಸುತ್ತ ಹತ್ತಿಯಂಥ ಬಿಳಿ, ಬೆನ್ನಿನ ಮೇಲೆ ಜೀನು ಹಾಕಿದಂಥ ಬಿಳಿಚಿದ ಪಟ್ಟೆ ಕಂಡರೆ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಹೊಟ್ಟೆ ಊದಿ ಹುರುಪೆಗಳು ನಿಮಿರಿ ನಿಂತಿದ್ದರೆ ಒಳಗಿನ ಅಂಗಗಳು ಸೋಲುತ್ತಿವೆ ಎಂದರ್ಥ. ಅಂಥ ಮೀನು ಉಳಿಯುವುದು ಕಷ್ಟ. ನಿಯಾನ್ ಟೆಟ್ರಾದ ಕೆಂಪು ಪಟ್ಟೆ ತುಂಡು ತುಂಡಾಗಿ ಬಿಳಿಯಾಗುತ್ತಾ, ಬೆನ್ನು ಡೊಂಕಾಗುತ್ತಾ ಬಂದರೆ ಅದು ನಿಯಾನ್ ಟೆಟ್ರಾ ರೋಗವಿರಬಹುದು. ಅದಕ್ಕೆ ಮದ್ದಿಲ್ಲ. ಕೂಡಲೇ ಬೇರೆ ಇಡಿ. ಅದನ್ನು ಜೊತೆಯ ಮೀನುಗಳು ತಿಂದರೆ ರೋಗ ಅವಕ್ಕೂ ಹರಡುತ್ತದೆ.

"ನೀರು ಬಿಸಿ ಮಾಡಿದರೆ ಎಲ್ಲ ವಾಸಿಯಾಗುತ್ತದೆ" ಎಂಬ ಮಾತು ಕೇಳಿರುತ್ತೀರಿ. ಇಕ್ ರೋಗಕ್ಕೆ ಅದು ಸಹಾಯ ಮಾಡುತ್ತದೆ. ಕಾಲಮ್ನಾರಿಸ್ ಬಿಸಿಗೆ ಇನ್ನೂ ವೇಗವಾಗಿ ಹಬ್ಬುತ್ತದೆ. ರೋಗ ಯಾವುದೆಂದು ತಿಳಿಯದೆ ಹೀಟರ್ ತಿರುಗಿಸಬೇಡಿ.

ಹಂತ 7: ಆಸ್ಪತ್ರೆ ಟ್ಯಾಂಕ್, ಉಪ್ಪು, ಕೊನೆಗೆ ಔಷಧಿ

ರೋಗದ ಗುರುತು ಸಿಕ್ಕಿದರೆ ಅಥವಾ ಬೇರೆ ಮೀನು ಕಚ್ಚುತ್ತಿದ್ದರೆ ಮಾತ್ರ ಬೇರೆ ಟ್ಯಾಂಕಿಗೆ ಹಾಕಿ. ಸುಮ್ನೆ ಎತ್ತಿ ಹಾಕುವುದೇ ಮೀನಿಗೆ ಒಂದು ಆಘಾತ. ಆಸ್ಪತ್ರೆ ಟ್ಯಾಂಕಿಗೆ ಹಳೆಯ ಟ್ಯಾಂಕಿನ ನೀರನ್ನೇ ಹಾಕಿ. ಆದರೆ ಆ ನೀರು ಪರೀಕ್ಷೆಯಲ್ಲಿ ಪಾಸಾಗಿರಬೇಕು. ಸ್ಪಂಜ್ ಫಿಲ್ಟರ್, ಹೀಟರ್, ಅಡಗಲು ಒಂದು ಓಡು ಇದ್ದರೆ ಸಾಕು. ಮರಳು ಬೇಡ.

ಉಪ್ಪು ಒಳ್ಳೆಯದೇ, ಆದರೆ ಎಲ್ಲ ಮೀನಿಗೂ ಅಲ್ಲ. ಲೀಟರಿಗೆ 1 ಗ್ರಾಂನಿಂದ ಶುರು ಮಾಡಿ. ಬೇರೆ ಪಾತ್ರೆಯಲ್ಲಿ ಕರಗಿಸಿ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಹರಳನ್ನು ನೇರ ಮೀನಿನ ಮೇಲೆ ಸುರಿಯಬೇಡಿ. ಕೋರಿಡೋರಾಸ್, ಲೋಚ್‌ನಂಥ ಮೀನುಗಳಿಗೂ ಅನೇಕ ನೀರಗಿಡಗಳಿಗೂ ಉಪ್ಪು ಒಗ್ಗುವುದಿಲ್ಲ. ನೈಟ್ರೈಟ್ ಏರಿದ ಟ್ಯಾಂಕಿಗೆ ಉಪ್ಪು ನಿಜವಾಗಿಯೂ ನೆರವಾಗುತ್ತದೆ, ಏಕೆಂದರೆ ಅದರ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳಗೆ ಹೋಗದಂತೆ ತಡೆಯುತ್ತದೆ. ಉಪ್ಪು ಆವಿಯಾಗುವುದಿಲ್ಲ. ನೀರು ಬದಲಾಯಿಸಿದಾಗ, ತೆಗೆದ ನೀರಿನ ಲೆಕ್ಕಕ್ಕೆ ತಕ್ಕಷ್ಟು ಉಪ್ಪು ಮಾತ್ರ ಮತ್ತೆ ಹಾಕಿ.

ಔಷಧಿಯ ವಿಷಯಕ್ಕೆ ಬಂದರೆ, ಒಂದು ಸಲಕ್ಕೆ ಒಂದೇ. ಬಾಟಲಿಯ ಮೇಲಿನ ಅಳತೆಯೇ ಅಂತಿಮ. ಹಾಕುವ ಮೊದಲು ಫಿಲ್ಟರಿನ ಕಾರ್ಬನ್ ತೆಗೆಯಿರಿ, ಇಲ್ಲವಾದರೆ ಔಷಧಿಯನ್ನು ಅದೇ ಹೀರಿಬಿಡುತ್ತದೆ. ಮ್ಯಾಲಕೈಟ್ ಗ್ರೀನ್ ಇರುವ ಔಷಧಿ ನಿಮ್ಮ ಕೈಗೂ ಒಳ್ಳೆಯದಲ್ಲ, ಕೈಗವಸು ಹಾಕಿಕೊಳ್ಳಿ. ಇಕ್ ರೋಗಕ್ಕೆ ಒಂದು ವಿಶೇಷವಿದೆ: ಮೀನಿನ ಚರ್ಮದೊಳಗಿರುವ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಹೊರಬಂದು ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಹಾಗಾಗಿ ಇಲ್ಲಿ ಇಡೀ ಟ್ಯಾಂಕಿಗೇ ಚಿಕಿತ್ಸೆ ಬೇಕು. ಚುಕ್ಕೆ ಮಾಯವಾದ ದಿನವೇ ನಿಲ್ಲಿಸಿದರೆ ವಾರದಲ್ಲಿ ಮರಳಿ ಬರುತ್ತದೆ. ಮೀನಿಗೆ ತಾಳುವಂತಿದ್ದರೆ ಉಷ್ಣತೆಯನ್ನು ನಿಧಾನವಾಗಿ 30 ಡಿಗ್ರಿಯವರೆಗೆ ಏರಿಸಿದರೆ ಪರಾವಲಂಬಿ ಬೇಗ ಹೊರಬರುತ್ತದೆ, ಆಗ ಗಾಳಿ ಜಾಸ್ತಿ ಕೊಡಬೇಕು. ಆಂಟಿಬಯೋಟಿಕ್ ಮಾತ್ರೆಗಳನ್ನು ಊಹೆಯ ಮೇಲೆ ಹಾಕಬೇಡಿ. ಅವು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದು. ಪಶುವೈದ್ಯರನ್ನು ಕೇಳಿಯೇ ಬಳಸಿ.

ಹಂತ 8: ಚೇತರಿಕೆ

ಮೊದಲು ಮರಳುವುದು ಉಸಿರಾಟದ ಲಯ. ಆಮೇಲೆ ರೆಕ್ಕೆ ಬಿಚ್ಚುತ್ತದೆ, ಹಸಿವು ಬರುತ್ತದೆ. ಬಣ್ಣ ಕೊನೆಗೆ. ಬಣ್ಣ ಬಂದಿಲ್ಲವೆಂದು ಮೂರನೇ ದಿನಕ್ಕೆ ಇನ್ನೊಂದು ಔಷಧಿ ಹುಡುಕಬೇಡಿ. ನೀರಿನ ಪರೀಕ್ಷೆಯನ್ನು ಒಂದು ವಾರ ದಿನವೂ ಮಾಡಿ ಬರೆದಿಡಿ.

ಆಹಾರವನ್ನು ಚಿಟಿಕೆಯಿಂದ ಶುರು ಮಾಡಿ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ. ಕೆಂಪು, ಕಿತ್ತಳೆ, ಹಳದಿ ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್ ಎಂಬ ವಸ್ತುವನ್ನು ಮೀನು ತಾನೇ ತಯಾರಿಸಲಾರದು, ತಿನ್ನುವುದರಿಂದಲೇ ಪಡೆಯಬೇಕು. ಸ್ಪಿರುಲಿನಾ ಎಂಬ ಪಾಚಿ, ಸಿಗಡಿ, ಡ್ಯಾಫ್ನಿಯಾ ಎಂಬ ನೀರಿನ ಸಣ್ಣ ಜೀವಿಗಳಲ್ಲಿ ಅದು ಸಿಗುತ್ತದೆ. ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬದ ಆಹಾರ ಸತ್ವ ಕಳೆದುಕೊಂಡಿರುತ್ತದೆ. ಚಿಕ್ಕ ಡಬ್ಬವನ್ನೇ ತನ್ನಿ.

ಆಸ್ಪತ್ರೆ ಟ್ಯಾಂಕಿನ ಮೀನನ್ನು ಮರಳಿ ಬಿಡುವಾಗ ಎರಡೂ ಟ್ಯಾಂಕಿನ ಉಷ್ಣತೆ ಒಂದೇ ಇರಲಿ. ಉಪ್ಪು ಹಾಕಿದ್ದರೆ ಎರಡು ಮೂರು ದಿನ ಮುಂಚಿನಿಂದಲೇ ನೀರು ಬದಲಾಯಿಸುತ್ತಾ ಉಪ್ಪಿನಂಶ ಇಳಿಸಿ. ದೊಡ್ಡ ಟ್ಯಾಂಕಿನ ಕಲ್ಲು, ಗಿಡಗಳ ಜಾಗ ಸ್ವಲ್ಪ ಅದಲು ಬದಲು ಮಾಡಿ, ಆಗ ಜಾಗ ಹಿಡಿದು ಕುಳಿತ ಜಗಳಗಂಟ ಮೀನಿಗೂ ಅದು ಹೊಸ ಮನೆಯೇ ಆಗುತ್ತದೆ. ದೀಪ ಆರಿಸಿ, ಸಂಜೆಯ ಹೊತ್ತು ಬಿಡಿ. ಆ ರಾತ್ರಿ ಊಟ ಬೇಡ.